ಹಿಂಡಿಟ್ಟ ಎದೆಹಾಲು, ಬಾಟಲಿ, ಒಳಲೆ: ನನ್ನ ಅನುಭವ

ರಜೆ ಮುಗಿದು ಕೆಲಸಕ್ಕೆ ಹೊರಡುವ ಎರಡು-ಮೂರು ವಾರ ಮೊದಲೇ ಬಾಟಲಿ ರೂಢಿ ಮಾಡಿಸಬೇಕು. ಹುಟ್ಟಿದ ಮೊದಲ ತಿಂಗಳಲ್ಲಿ ಬೇಡ. ಮಗು ಎದೆ ಹಿಡಿಯುವುದನ್ನು ಚೆನ್ನಾಗಿ ಕಲಿಯಲಿ. ಕುಡಿಸುವ ಕೆಲಸ ನಮ್ಮಲ್ಲಿ ಅಜ್ಜಿಯದು, ನಾನು ಬೇರೆ ಕೋಣೆಗೆ. ಅಮ್ಮನ ವಾಸನೆ ಹತ್ತಿರವಿದ್ದರೆ ಎಷ್ಟೋ ಮಕ್ಕಳು ಬಾಟಲಿ ಮುಟ್ಟುವುದಿಲ್ಲ.

ಎಷ್ಟು ಹಾಲು ಬೇಕು? ಒಂದರಿಂದ ಆರು ತಿಂಗಳವರೆಗೆ ಎದೆಹಾಲಿನ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ, ದಿನಕ್ಕೆ ಸರಾಸರಿ 750 ಮಿ.ಲೀ. ಗಂಟೆಗೆ 30 ಮಿ.ಲೀ. ಲೆಕ್ಕ ಹಿಡಿದು, ನಾನು ಹೊರಗಿರುವ ಒಂಬತ್ತು ಗಂಟೆಗಳಿಗೆ 90ರಂತೆ ಮೂರು ಬಾಟಲಿ ತುಂಬಿಸಿ, ಮೇಲೊಂದು 60ರದ್ದು ಇಡುತ್ತಿದ್ದೆ.

ಎದೆಹಾಲು ಹಿಂಡುವ ಪಂಪಿನಲ್ಲಿ ಹಾಲು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೊದಲು ಅದರ ರಬ್ಬರ್ ವಾಲ್ವ್ ನೋಡಿ. ಕೂದಲೆಳೆಯಷ್ಟು ಸೀಳಿದ್ದರೂ ಎಳೆತ ಹೋಗುತ್ತದೆ. ಎದೆಗೆ ಹಿಡಿಯುವ ಫ್ಲಾಂಜ್ ದೊಡ್ಡದಾದರೆ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಸೇರಿ ನೋಯುತ್ತದೆ, ಚಿಕ್ಕದಾದರೆ ತೊಟ್ಟು ಉಜ್ಜುತ್ತದೆ.

ಹಾಲು ಹೊರಗೆ ನಾಲ್ಕು ಗಂಟೆ ಇರಬಹುದೆನ್ನುವುದು 25 ಡಿಗ್ರಿವರೆಗಿನ ಮಾತು. ಬೆಂಗಳೂರಿನ ಡಿಸೆಂಬರಿಗೆ ಸರಿ, ರಾಯಚೂರಿನ ಏಪ್ರಿಲ್‌ಗೆ ಅಲ್ಲ. ಅಲ್ಲಿ ಹಿಂಡಿದ ಕೂಡಲೇ ಫ್ರಿಜ್. ಬಾಗಿಲಲ್ಲಲ್ಲ, ಒಳಗೆ ಹಿಂಭಾಗದಲ್ಲಿ. ನಾಲ್ಕು ದಿನ ಇರುತ್ತದೆ. ಬೆಚ್ಚಗಿನ ಹೊಸ ಹಾಲನ್ನು ತಣ್ಣನೆಯದಕ್ಕೆ ಬೆರೆಸಬಾರದು, ಮೊದಲು ಅದೂ ತಣಿಯಬೇಕು. ಫ್ರೀಜರಿನದನ್ನು ಕರಗಿಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಸೋಪಿನ ವಾಸನೆ ಬಂದರೆ ಗಾಬರಿ ಬೇಡ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದಿರುತ್ತದೆ, ಅಷ್ಟೇ. ಹುಳಿ ವಾಸನೆಯಾದರೆ ಮಾತ್ರ ಚೆಲ್ಲಿ.

ಬಿಸಿ ಮಾಡಲು ಮೈಕ್ರೋವೇವ್ ಬೇಡವೇ ಬೇಡ; ಒಂದೆಡೆ ಸುಡುತ್ತದೆ, ಇನ್ನೊಂದೆಡೆ ತಣ್ಣಗಿರುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು, ಮೇಲೆ ಕಟ್ಟಿದ ಕೆನೆ ಬೆರೆಯುವಂತೆ ಮೆಲ್ಲನೆ ತಿರುಗಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುವುದು. ಉಗುರುಬೆಚ್ಚಗಿದ್ದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕುಡಿಸುವ ವೇಗದಲ್ಲಿ. ಮಲಗಿಸಿ ಬಾಟಲಿ ಮೇಲೆತ್ತಿದರೆ ಹಾಲು ತಾನಾಗಿ ಸುರಿಯುತ್ತದೆ, ಮಗು ನುಂಗಲೇಬೇಕು. ಐದೇ ನಿಮಿಷದಲ್ಲಿ ಬಾಟಲಿ ಖಾಲಿ, ಮಗುವಿಗಿನ್ನೂ ಚೀಪುವ ಆಸೆ. "ಹಸಿವು ತೀರಿಲ್ಲ, ನಿನ್ನ ಹಾಲು ಸಾಲದು" ಎಂದು ಮನೆಯಲ್ಲಿ ಪೌಡರ್ ಡಬ್ಬಿ ಬರುವುದು ಹೀಗೆ. ನಿಧಾನ ಹರಿಯುವ ನಿಪ್ಪಲ್ ಹಾಕಿ, ಮಗುವನ್ನು ಬಹುಪಾಲು ನೆಟ್ಟಗೆ ಕೂರಿಸಿ, ನಿಪ್ಪಲನ್ನು ತುಟಿಗೆ ತಾಗಿಸಿ ಅದು ಬಾಯಿ ಅಗಲಿಸುವವರೆಗೆ ಕಾಯಿರಿ. ಬಾಟಲಿ ಅಡ್ಡಕ್ಕಿರಲಿ, ನಿಪ್ಪಲ್ ಅರ್ಧ ತುಂಬಿದರೆ ಸಾಕು. ಆಗಾಗ ಬಾಟಲಿ ತಗ್ಗಿಸಿ ಉಸಿರಾಡಲು ಬಿಡಿ, ನಡುವೆ ತೋಳು ಬದಲಿಸಿ. 90 ಮಿ.ಲೀ.ಗೆ ಹದಿನೈದು-ಇಪ್ಪತ್ತು ನಿಮಿಷ ಹಿಡಿಯಲಿ. ಬೆರಳು ಬಿಡಿಸಿ ಮುಖ ತಿರುಗಿಸಿತೆಂದರೆ ಮುಗಿಯಿತು. ಉಳಿದದ್ದನ್ನು ಎರಡು ಗಂಟೆಯೊಳಗೆ ಕುಡಿಸದಿದ್ದರೆ ಚೆಲ್ಲಬೇಕು, ಎಷ್ಟೇ ಹೊಟ್ಟೆ ಉರಿದರೂ.

ಬಾಟಲಿ ಒಪ್ಪದ ಮಗುವಿಗೆ ಒಳಲೆ ಇದೆ, ಮೂತಿಯಿರುವ ಪುಟ್ಟ ಬಟ್ಟಲು. ಸಂದುಗೊಂದು ಇಲ್ಲದ್ದರಿಂದ ತೊಳೆಯುವುದೂ ಕುದಿಸುವುದೂ ಸುಲಭ. ಆದರೆ ಕಾಲ ಮೇಲೆ ಮಲಗಿಸಿ ಗಂಟಲಿಗೆ ಹೊಯ್ಯುವ ಹಳೆಯ ಕ್ರಮ ಬೇಡ, ಹಾಲು ಶ್ವಾಸನಾಳಕ್ಕೆ ಹೋಗಬಹುದು. ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಯ ಅಂಚಿಗೆ ತಾಗಿಸಿ, ಗುಟುಕು ಗುಟುಕಾಗಿ ಬಿಡಬೇಕು. ಒಂದನ್ನು ನುಂಗಿದ ಮೇಲೆಯೇ ಮುಂದಿನದು.