‘ಸಿನೆಫೈಲ್’ ಪದವನ್ನು ಬಿಡಿಸಿ ನೋಡುವ ಬಗೆ

ನಮ್ಮ ಚಿತ್ರ ಸಮಾಜಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಈ ಪದವನ್ನೇ ಬಿಡಿಸಿ ತೋರಿಸುತ್ತೇನೆ. ನೀವೂ ಹಾಗೆಯೇ ಮಾಡಿ. ‘ಸಿನೆಫೈಲ್’ ಎಂದು ಹಾಳೆಯ ಮೇಲೆ ಬರೆದು, ನಡುವೆ ಒಂದು ಗೆರೆ ಎಳೆಯಿರಿ.

ಎಡಭಾಗ ‘ಸಿನೆ’. ಚಲನೆ ಎಂಬ ಅರ್ಥದ ಗ್ರೀಕಿನ ‘ಕಿನೆಮಾ’ ಇದರ ಬೇರು. ಕೈನೆಟಿಕ್ ಸ್ಕೂಟರ್ ಓಡಿಸಿದವರಿಗೆ, ಆ ಹೆಸರಿನಲ್ಲೂ ಇದೇ ಧಾತು ಇದೆ ಎಂದು ಹೇಳಿ, ತಕ್ಷಣ ಹಿಡಿಯುತ್ತಾರೆ. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಚಿತ್ರ ತೋರಿಸಿದ ಯಂತ್ರ ‘ಸಿನೆಮಾಟೋಗ್ರಾಫ್’. ಅದನ್ನೇ ಮೊಟಕುಗೊಳಿಸಿ ಸಿನಿಮಾ ಎಂದರು.

ಬಲಭಾಗದ ಮೂಲ ‘ಫಿಲೋಸ್’, ಅಂದರೆ ಪ್ರೀತಿಸುವವನು. ಇಷ್ಟು ಸಾಕು.

ಇನ್ನು ಬಳಕೆ. ಪದ ಫ್ರೆಂಚರದು, ಅದಕ್ಕೆ ಕಸುವು ಬಂದದ್ದೂ ಅಲ್ಲೇ. ಆರಿ ಲಾಂಗ್ಲ್ವಾ ಮತ್ತು ಗೆಳೆಯರು 1936ರಲ್ಲಿ ಕಟ್ಟಿದ ‘ಸಿನೆಮಾತೆಕ್ ಫ್ರಾನ್ಸೇಸ್’ ಎಂಬ ಚಿತ್ರಸಂಗ್ರಹಾಲಯದಲ್ಲಿ ತ್ರುಫೋ, ಗೊದಾರ್‌ರಂಥ ಯುವಕರು ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರು, ವಾದಿಸಿದರು, ಬರೆದರು, ಕೊನೆಗೆ ತಾವೇ ಚಿತ್ರ ಮಾಡಿದರು. 1968ರಲ್ಲಿ ಸರ್ಕಾರ ಲಾಂಗ್ಲ್ವಾ ಅವರನ್ನು ಅಲ್ಲಿನ ಹುದ್ದೆಯಿಂದ ಕೆಳಗಿಳಿಸಿದಾಗ ಇವರೆಲ್ಲ ಬೀದಿಗಿಳಿದು, ಅವರನ್ನು ಮರಳಿ ಕೂರಿಸುವವರೆಗೂ ಬಿಡಲಿಲ್ಲ! ಹಾಗಾಗಿ ಒಬ್ಬ ನಟನ ಅಭಿಮಾನಿಯನ್ನು ಈ ಹೆಸರಿನಿಂದ ಕರೆಯಬೇಡಿ. ಆ ಪ್ರೀತಿಯ ಜಾಡೇ ಬೇರೆ. ಯಾವ ದೇಶದ, ಯಾವ ಕಾಲದ ಚಿತ್ರವಾದರೂ ಹುಡುಕಿ ನೋಡುವವರಿಗೆ ಬಳಸಿ. ಕನ್ನಡದಲ್ಲಿ ಬರೆಯುವಾಗ ನಾನು ‘ಚಿತ್ರರಸಿಕ’ ಎನ್ನುತ್ತೇನೆ. ‘ಸಿನಿಪ್ರಿಯ’ ಮೂಲಕ್ಕೆ ಹತ್ತಿರವೇ, ಆದರೆ ವಾರಕ್ಕೊಂದು ಚಿತ್ರ ನೋಡಿ ಮರೆಯುವವರಿಗೂ ಅದು ಸಲ್ಲುತ್ತದೆ.