ಹಾಲುಹಲ್ಲಿನ ಸ್ಪೂನ್ ಎಕ್ಸ್‌ಕವೇಟರ್: ನಾನು ಮಾಡಿಕೊಂಡ ಬಗೆ

ಸ್ಪೂನ್ ಎಕ್ಸ್‌ಕವೇಟರ್ ಅಂದರೆ ಹಲ್ಲಿನ ಹುಳುಕನ್ನು ಕೆರೆದು ತೆಗೆಯುವ, ತುದಿಯಲ್ಲಿ ಪುಟ್ಟ ಚಮಚದಂಥ ಅಲಗಿರುವ ಕೈಸಾಧನ. ದೊಡ್ಡವರ ಎಕ್ಸ್‌ಕವೇಟರನ್ನೇ ಮುಕ್ಕಾಲು ಅಳತೆಗೆ ಇಳಿಸಿದರೆ ಮಕ್ಕಳದ್ದು ಆಯಿತು ಎಂದವರೇ ಹೆಚ್ಚು. ಮೊದಲು ಹಾಗೇ ಮಾಡಿದೆ, ಕೆಟ್ಟಿತು. ಹಿಡಿ 5 ಮಿ.ಮೀ.ಗೆ ಇಳಿದು, ಎರಡು ಹಲ್ಲು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯತೊಡಗಿತು. ಬಿಗಿಯಾಗಿ ಹಿಡಿದಷ್ಟೂ ತುದಿಯ ಅಂದಾಜು ತಪ್ಪುತ್ತದೆ. ಬಾಯಿ ಮಗುವಿನದಾದರೂ ಕೈ ನಮ್ಮದೇ ಅಲ್ಲವೇ? ಈಗ ನನ್ನದರಲ್ಲಿ ಅಲಗು, ಅದನ್ನು ಹಿಡಿಗೆ ಸೇರಿಸುವ ಕತ್ತು ಮಾತ್ರ ಚಿಕ್ಕದು. ಹಿಡಿ ಹತ್ತಿರಹತ್ತಿರ 10 ಮಿ.ಮೀ. ದಪ್ಪ, ಒಳಗೆ ಟೊಳ್ಳು, ಒಟ್ಟು ತೂಕ 15–16 ಗ್ರಾಂ. ದಪ್ಪ ಹಿಡಿ ಮಕ್ಕಳ ಬಾಯಿಗೆ ಆಗದು ಎಂದಿದ್ದವರು ಈಗ ಇದನ್ನೇ ಕೇಳಿ ಒಯ್ಯುತ್ತಾರೆ.

ಅಲಗು 1.0 ಮತ್ತು 1.5 ಮಿ.ಮೀ., ಎರಡೇ ಅಳತೆ. 2 ಮಿ.ಮೀ.ಯದು ಚಿಕ್ಕ ಕುಳಿಯ ಬಾಯಲ್ಲೇ ತಡೆಯುತ್ತದೆ. ಕೊನೆಯ ಬಾಗಿನಿಂದ ಅಲಗಿನವರೆಗಿನ ಭಾಗವನ್ನು 2–3 ಮಿ.ಮೀ. ಮೊಟಕು ಮಾಡಿದೆ, ಹಿಂದಿನ ದವಡೆ ಹಲ್ಲಿನ ಮೇಲೆ ಸಿಗುವ ಜಾಗವೇ ಕಡಿಮೆ. ಆದರೆ ಬಾಗಿನ ಕೋನ ಹಳೆಯದನ್ನೇ ಇಟ್ಟು ಮೊಟಕು ಮಾಡಿದರೆ ಅಂಚು ಹಿಡಿಯ ನಡುಗೆರೆಯಿಂದ ಆಚೆ ಸರಿದು, ಒತ್ತಿದಾಗ ಬೆರಳಲ್ಲೇ ತಿರುಗುತ್ತದೆ. ಅದಕ್ಕೇ ಎರಡನೇ ಬಾಗನ್ನು ತಿದ್ದಿ ಅಂಚನ್ನು ನಡುಗೆರೆಯ 2 ಮಿ.ಮೀ. ಒಳಗೆ ತಂದೆ. ಅಲಗಿಗೆ ಚೂಪು ಮೂಲೆ ಬೇಡ. ಹಾಲಿನ ದವಡೆ ಹಲ್ಲಿನಲ್ಲಿ ಮುಂಬದಿಯ ಪಲ್ಪ್ ಹಾರ್ನ್ (ಹಲ್ಲಿನೊಳಗಿನ ನರ-ರಕ್ತನಾಳಗಳ ತಿರುಳಿನ ಕೊಂಬಿನಂಥ ತುದಿ) ತೀರಾ ಮೇಲಕ್ಕಿರುತ್ತದೆ, ಚೂಪು ಮೂಲೆ ಅದಕ್ಕೆ ಚುಚ್ಚಬಹುದು.

ಆಕಾರ ನೋಡಲು ಪಿಎಲ್‌ಎ ಪ್ಲಾಸ್ಟಿಕ್ಕಿನ 3ಡಿ ಪ್ರಿಂಟ್ ಸಾಕು. ಅದನ್ನು ಆಟೋಕ್ಲೇವ್ (ಒತ್ತಡದ ಬಿಸಿ ಹಬೆಯಲ್ಲಿ ಸಾಧನಗಳ ರೋಗಾಣು ಕೊಲ್ಲುವ ಯಂತ್ರ) ಹತ್ತಿರ ಒಯ್ಯಬೇಡಿ, 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ನಿಜವಾದ ನಷ್ಟ ಆದದ್ದು ಸ್ಟೀಲಿನಲ್ಲಿ. ಮೊದಲ ಕಂತು 304 ಎಂಬ ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಸರಳಿನದು: ತುಕ್ಕಿಲ್ಲ, ಹೊಳಪು ಚೆನ್ನ, ಆದರೆ ಬಿಸಿಮಾಡಿ ಗಟ್ಟಿಗೊಳಿಸಲಾಗದ ಸ್ಟೀಲ್, ಎರಡು ಮೂರು ಹಲ್ಲಿಗೇ ಅಂಚು ಮೊಂಡು. ಆಮೇಲೆ ಬಿಸಿಮಾಡಿ ಗಟ್ಟಿಗೊಳಿಸಬಹುದಾದ 420 ಬಗೆಗೆ ಬಂದೆ. ಕ್ರಮ ಇಷ್ಟೇ: ಮೆತ್ತಗಿರುವಾಗಲೇ ಬಾಗಿಸಿ, ಒರಟಾಗಿ ಉಜ್ಜಿ, 1020–1030 ಡಿಗ್ರಿಯಲ್ಲಿ ಹಾರ್ಡನಿಂಗ್ (ಕಾಯಿಸಿ ಬೇಗ ಆರಿಸಿ ಗಟ್ಟಿಗೊಳಿಸುವುದು), ಆರಿದ ಕೂಡಲೇ 180–200ರಲ್ಲಿ ಗಂಟೆಗಟ್ಟಲೆ ಟೆಂಪರಿಂಗ್ (ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದು). ಒಂದು ಕಂತಿಗೆ ಟೆಂಪರಿಂಗ್ ಮರುದಿನಕ್ಕೆ ಬಿಟ್ಟದ್ದಕ್ಕೆ ಕತ್ತುಗಳು ಕಡ್ಡಿಯಂತೆ ಲಟಕ್ಕನೆ ಮುರಿದವು. ಇನ್ನೊಂದರಲ್ಲಿ ಕೊನೆಯ ಅಂಚನ್ನು ನೀರಿಲ್ಲದೆ ಉಜ್ಜಿ ತುದಿ ನೀಲಿಗೆ ತಿರುಗಿತು. ನೀಲಿ ಬಂತೆಂದರೆ ಗಟ್ಟಿತನ ಹೋಯಿತು, ಅಷ್ಟು ಉದ್ದ ಕತ್ತರಿಸಿ ಎಸೆಯಬೇಕು. ಸರಿಯಾದ ಕಂತು ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 50–52 ತೋರಿಸಿತು.

ಹಾರ್ಡನಿಂಗ್ ಮಾಡುವ ವ್ಯಾಕ್ಯೂಮ್ ಫರ್ನೇಸ್‌ನಲ್ಲಿ (ಗಾಳಿ ತೆಗೆದ ಕುಲುಮೆ) ಐದು ತುಂಡು ಹಾಕಿದರೂ ಐವತ್ತು ಹಾಕಿದರೂ ನನಗೆ ಬಿದ್ದ ಬಾಡಿಗೆ ಒಂದೇ. ನಾಲ್ಕೈದರಂತೆ ಮೂರು ಸಲ ಕೊಟ್ಟು, ಒಟ್ಟು ಖರ್ಚಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸುರಿದೆ. ಸ್ಟೀಲಿನ ದುಡ್ಡು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನಲವತ್ತು ಕೂಡುವವರೆಗೆ ತಡೆದುಕೊಳ್ಳಿ; ಬೇರೆಬೇರೆ ಬಾಗಿನವನ್ನೂ ಒಂದೇ ಕಂತಿಗೆ ಸೇರಿಸಬಹುದು.

ಹಿಡಿ ಮತ್ತು ಕತ್ತು ಸೇರುವಲ್ಲಿ ಎಪಾಕ್ಸಿ ಅಂಟನ್ನು ನಂಬಬೇಡಿ. ಆಟೋಕ್ಲೇವ್‌ನ 134 ಡಿಗ್ರಿಯಲ್ಲಿ ಮೂವತ್ತು ನಲವತ್ತು ಸಲ ಹೋಗಿಬರುವಷ್ಟರಲ್ಲಿ ಸಡಿಲವಾಯಿತು. ಸಿಲಿಕೋನ್ ತೋಳು ತೊಡಿಸಿದರೆ ಅದರಡಿ ನೀರು ನಿಂತು ಕತ್ತಿನ ಬುಡಕ್ಕೆ ತುಕ್ಕು. ಈಗ ಕತ್ತಿನ ಬುಡವನ್ನು ಓರೆಯಾಗಿ, ತುದಿಗೆ ಸಣ್ಣದಾಗುವಂತೆ ಕಡೆದು ಹಿಡಿಯೊಳಕ್ಕೆ ಒತ್ತಿ ಕೂರಿಸುತ್ತೇನೆ. ಆ ಓರೆಯ ಕೋನ, ಒತ್ತುವ ಮುಂಚೆ ಮಾಡುವ ಒಂದು ಕೆಲಸ, ಎರಡನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೊಳಪಿನ ಲೋಹ ಕಂಡರೆ ಮಕ್ಕಳು ಬೆದರುತ್ತಾರೆಂದು ಹಿಡಿಗೆ ಮಂಕು ಮೈ ಕೊಡಲು ಹೋದೆ. ಕಬ್ಬಿಣಕ್ಕೆ ಬಳಸಿದ್ದ ಮರಳಿನಲ್ಲೇ ಬ್ಲಾಸ್ಟ್ ಮಾಡಿಸಿದ್ದರಿಂದ ವಾರದೊಳಗೆ ತುಕ್ಕಿನ ಕೆಂಪು ಚುಕ್ಕೆ. ಹೊಸ ಗಾಜಿನ ಮಣಿ, ಆಮೇಲೆ ಸಿಟ್ರಿಕ್ ಆಸಿಡ್‌ನಲ್ಲಿ ಪ್ಯಾಸಿವೇಶನ್ (ಮೈಮೇಲಿನ ಕಬ್ಬಿಣದ ಕಣ ತೆಗೆದು ತುಕ್ಕು ತಡೆಯುವ ಸಂಸ್ಕಾರ) ಮಾಡಿದ ಮೇಲೆ ಚುಕ್ಕೆ ಬರಲಿಲ್ಲ. ಇದರ ನಡುವೆ ಅಂಗೈಯಲ್ಲಿ ಅಡಗುವ ಗಿಡ್ಡ ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ) ಒಂದನ್ನೂ ಮಾಡಿ ನೋಡಿದೆ. ಕೊಕ್ಕನ್ನು ಕೌಹಾರ್ನ್‌ನಂತೆ (ಬೇರುಗಳ ನಡುವೆ ತೂರಿ ಹಿಡಿಯುವ ಇಕ್ಕಳ) ಚೂಪು ಮಾಡಿ ಎಂದು ಯಾರು ಹೇಳಿದರೂ ಒಪ್ಪಬೇಡಿ: ಹಾಲಿನ ದವಡೆ ಹಲ್ಲಿನ ಬೇರುಗಳ ನಡುವೆಯೇ ಮುಂದೆ ಬರುವ ಹಲ್ಲಿನ ಮೊಗ್ಗು ಕೂತಿರುತ್ತದೆ.

ಅಂಚು ಹದವಾಗಿದೆಯೇ ಎಂಬುದನ್ನು ಕಿತ್ತ ಹಾಲುಹಲ್ಲಿನ ಮೇಲೇ ನೋಡಿ. ಹಲ್ಲಿನ ಹೊರಚಿಪ್ಪಾದ ಎನಾಮೆಲ್, ಅದರೊಳಗಿನ ಪದರವಾದ ಡೆಂಟಿನ್ ಸೇರುವ ಗೆರೆಯಲ್ಲಿ ಸುತ್ತಿಸಿದಾಗ ಮೆತ್ತನೆಯ ಹುಳುಕು ಸುರುಳಿಯಾಗಿ ಎದ್ದು ಬರಬೇಕು. ಪುಡಿಯಾಗಿ ಉದುರಿದರೆ ಅಲಗು ಮೊಂಡಾಗಿದೆ. ಬೆನ್ನಿನ ಉಬ್ಬನ್ನು ಎಣ್ಣೆ ಹಚ್ಚಿದ ಅರ್ಕಾನ್ಸಾಸ್ ಎಂಬ ನಯವಾದ ಸಾಣೆಕಲ್ಲಿಗೆ ತಾಗಿಸಿ ಉರುಳಿಸುತ್ತಾ ಮಸೆಯಿರಿ. 1.5ರದ್ದು ಎಂಟು ಹತ್ತು ಹಲ್ಲಿಗೊಮ್ಮೆ ಕಲ್ಲು ಕೇಳುತ್ತದೆ, 1.0ದ್ದು ಐದಾರಕ್ಕೇ.