ಅಳಿವೆ ನೋಡಿ ಹಾಯಿ ಬಿಚ್ಚಿ: ಮಂಜೇಶ್ವರದಿಂದ ಅಳಿತ್ತಲಕ್ಕೆ ಪುಟ್ಟ ಹಾಯಿದೋಣಿಗಳ ಗುಂಪು ಯಾನ

ಕಾಸರಗೋಡು ಕರಾವಳಿಯಲ್ಲಿ ಪುಟ್ಟ ಹಾಯಿದೋಣಿಗೆ ಕಂಟಕ ಕಾದಿರುವುದು ಹೆಚ್ಚಾಗಿ ಅಳಿವೆಯಲ್ಲಿ. ದಡದಿಂದ ಒಂದು ಮೈಲಿ ಆಚೆ ಒಂದು ಮೀಟರ್ ಎತ್ತರದ ಅಲೆ ಬಂದರೆ ದೋಣಿ ಅದರ ಮೇಲೆ ಹತ್ತಿ ಇಳಿಯುತ್ತದೆ, ಅಷ್ಟೆ. ಹೊಳೆ ಕಡಲಿಗೆ ಬೀಳುವ ಕಡೆ, ಮರಳು ದಿಬ್ಬದ ಮೇಲೆ, ಅದೇ ಅಲೆ ಮುರಿದು ದೋಣಿಯನ್ನು ಅಡ್ಡ ಕೆಡವುತ್ತದೆ. ಆದ್ದರಿಂದ ನಾಲ್ಕೈದು ದೋಣಿಗಳು ಸೇರಿ ಹೊರಡುವಾಗ ದಿನಕ್ಕೆ ಎಷ್ಟು ದೂರ ಎಂದು ಲೆಕ್ಕ ಹಾಕುವ ಮೊದಲು, ಯಾವ ಅಳಿವೆಯನ್ನು ಎಷ್ಟು ಗಂಟೆಗೆ ದಾಟುವುದು ಎಂದು ಬರೆದುಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು.

ಕಾಲ ಮತ್ತು ಗಾಳಿ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಕಡಲೂ ತಣಿಯಲು ತೊಡಗುತ್ತದೆ. ಆದರೆ ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತದ ಭಯ ಇನ್ನೂ ಇರುತ್ತದೆ, ಸಂಜೆಯ ಗುಡುಗು ಮಳೆಯೂ ಪೂರ್ತಿ ನಿಂತಿರುವುದಿಲ್ಲ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯ ತನಕ ಸರಿಯಾದ ಕಾಲ. ಏಪ್ರಿಲ್-ಮೇ ಬೇಡ. ಆಗ ಗಾಳಿ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉದ್ದಲೆಗಳು ಬಂದು ದಡಕ್ಕೆ ಬಡಿಯುತ್ತವೆ. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಸದ್ದಿಲ್ಲದೆ ಬರುವ ಕಡಲಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ ಮತ್ತು ಉದ್ದಲೆಯ ಮುನ್ಸೂಚನೆ ಕೊಡುತ್ತದೆ. ಹೊರಡುವ ಮೂರು ದಿನ ಮೊದಲಿನಿಂದಲೇ ಅದನ್ನು ನೋಡುತ್ತಿರಿ.

ಈ ತಿಂಗಳುಗಳಲ್ಲಿ ಬೆಳಗಿನ ಜಾವದಿಂದ ಸುಮಾರು ಒಂಬತ್ತರ ತನಕ ನೆಲದ ಕಡೆಯಿಂದ ಮೂಡುಗಾಳಿ ಮೆಲ್ಲಗೆ ಬೀಸುತ್ತದೆ. ನಂತರ ಒಂದೆರಡು ಗಂಟೆ ಹಾಯಿ ಜೋತು ಬೀಳುತ್ತದೆ. ಹನ್ನೊಂದರ ಸುಮಾರಿಗೆ ಪಡುಗಾಳಿ ಶುರುವಾಗಿ, ಮಧ್ಯಾಹ್ನ ವಾಯವ್ಯಕ್ಕೆ ತಿರುಗಿ, 10–15 ನಾಟ್ (ಗಂಟೆಗೆ ಸುಮಾರು 18–28 ಕಿಲೋಮೀಟರ್) ತನಕ ಏರಿ, ಸೂರ್ಯ ಮುಳುಗುವಾಗ ಇಳಿಯುತ್ತದೆ. ಈ ವಾಯವ್ಯ ಗಾಳಿಯೇ ದಿಕ್ಕನ್ನು ತೀರ್ಮಾನಿಸುತ್ತದೆ: ಬಡಗಿನಿಂದ ತೆಂಕಿಗೆ ಹೋದರೆ ಗಾಳಿ ಪಕ್ಕದಿಂದ ಅಥವಾ ಹಿಂದಿನಿಂದ ಸಿಗುತ್ತದೆ. ತೆಂಕಿನಿಂದ ಬಡಗಿಗೆ ಬರಬೇಕಾದರೆ ದಿನವಿಡೀ ಗಾಳಿಗೆ ಎದುರಾಗಿ ಅಂಕುಡೊಂಕು ಹೊಡೆಯಬೇಕು, ಮೈ ಒದ್ದೆ, ದೂರ ಅರ್ಧ. ಬಡಗಿನ ಮಂಜೇಶ್ವರದಲ್ಲಿ ಇಳಿಸಿ, ತೆಂಕಿನ ಅಳಿತ್ತಲದಲ್ಲಿ ಎತ್ತಿ, ದೋಣಿಗಳನ್ನು ಲಾರಿಯಲ್ಲಿ ವಾಪಸು ತರುವುದೇ ಜಾಣತನ.

ದಾರಿ

ನೇರ ಗೆರೆಯಲ್ಲಿ ಅಳೆದರೆ ಮಂಜೇಶ್ವರ ಬಂದರಿನಿಂದ ಕುಂಬಳೆ ಕಡೆಯ ಶಿರಿಯ ಅಳಿವೆಗೆ ಸುಮಾರು 7 ನಾಟಿಕಲ್ ಮೈಲಿ, ಅಲ್ಲಿಂದ ಚಂದ್ರಗಿರಿ ಅಳಿವೆಗೆ 8, ಬೇಕಲಕ್ಕೆ 5–6, ಬೇಕಲದಿಂದ ನೀಲೇಶ್ವರದ ಅಳಿತ್ತಲಕ್ಕೆ 11–12. ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿಲೋಮೀಟರ್. 15 ಅಡಿಯ ದೋಣಿ ಸರಾಸರಿ 3 ನಾಟ್ ವೇಗದಲ್ಲಿ ಹೋಗುತ್ತದೆ ಎಂದು ಹಿಡಿಯಿರಿ. 4 ನಾಟ್ ಎಂದು ಬರೆದುಕೊಂಡ ಗುಂಪು ಕತ್ತಲಾದ ಮೇಲೆ ಅಳಿವೆ ಹುಡುಕುತ್ತದೆ. ನಾಲ್ಕು ದಿನದ ಯಾನಕ್ಕೆ ಐದನೆಯ ದಿನವೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಸೋಮವಾರ ಆಫೀಸಿದೆ ಎಂಬ ಕಾರಣಕ್ಕೆ ಕೆಟ್ಟ ಕಡಲಿಗೆ ಇಳಿಯುವುದು ಎಲ್ಲ ಕಡೆ ನಡೆಯುವ ತಪ್ಪು.

ಅಳಿತ್ತಲದಿಂದ ತೆಂಕಿಗೆ ಕಡಲಲ್ಲಿ ಮುಂದುವರಿಯಬೇಡಿ, ಏಳಿಮಲೆಯಲ್ಲಿ ನೌಕಾ ಅಕಾಡೆಮಿ ಇದೆ. ಇನ್ನೂ ಆಸೆಯಿದ್ದರೆ ಒಳಗಿನ ಹಿನ್ನೀರಿಗೆ ತಿರುಗಿ. ವಲಿಯಪರಂಬದ ಮರಳು ಪಟ್ಟಿ ಕಡಲನ್ನು ತಡೆದು ನಿಲ್ಲಿಸುವುದರಿಂದ ಅಲ್ಲಿ ಅಲೆಯ ಕಾಟವಿಲ್ಲ. ಹೊಸಬರಿರುವ ಗುಂಪು ಮೊದಲು ಎರಡು ದಿನ ಈ ಹಿನ್ನೀರಿನಲ್ಲೇ ಕೈ ಪಳಗಿಸಿಕೊಂಡು ಮತ್ತೆ ಕಡಲಿನ ಮಾತು ಆಡಬೇಕು. ಎರಡು ಎಚ್ಚರ: ಸೇತುವೆಗಳ ಕೆಳಗೆ ಕೂವೆಮರ (ಹಾಯಿ ಕಟ್ಟುವ ಕಂಬ) ಹಿಡಿಯುತ್ತದೆಯೇ ಎಂದು ಮೊದಲೇ ಅಳೆದು ನೋಡಿ, ಪಡನ್ನ ಕಡೆ ಪಚ್ಚಿಲೆ ಎಂಬ ಚಿಪ್ಪುಮೀನು ಬೆಳೆಸಲು ನೆಟ್ಟ ಬಿದಿರ ಗೂಟಗಳು ಭರತದ (ಕಡಲುಬ್ಬರದ) ವೇಳೆ ನೀರಿನ ಮಟ್ಟಕ್ಕೇ ಇರುತ್ತವೆ, ಅವುಗಳಿಂದ ದೂರ ಇರಿ.

ದೋಣಿ ಮತ್ತು ಸಾಮಾನು

14ರಿಂದ 18 ಅಡಿಯ, ಮೇಲೆತ್ತಬಹುದಾದ ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆ) ಮತ್ತು ಚುಕ್ಕಾಣಿ ಇರುವ, ಒಳಗೆ ಗಾಳಿಪೆಟ್ಟಿಗೆ ಇರುವ ದೋಣಿಯೇ ಆಗಬೇಕು. ಒಂದರಲ್ಲಿ ಇಬ್ಬರು ಅಥವಾ ಮೂವರು. ನಾಲ್ಕರಿಂದ ಆರು ದೋಣಿ ಸಾಕು, ಅದಕ್ಕಿಂತ ಹೆಚ್ಚಾದರೆ ಅಳಿವೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುವಷ್ಟರಲ್ಲಿ ಭರತ ಮುಗಿದಿರುತ್ತದೆ. ಹೊರಡುವ ವಾರ ಮೊದಲು ಪ್ರತಿ ದೋಣಿಯನ್ನೂ ಶಾಂತ ನೀರಿನಲ್ಲಿ ಬೇಕೆಂದೇ ಮಗುಚಿ. ಎತ್ತಿ ನಿಲ್ಲಿಸಿದ ಮೇಲೆ ಅದು ಸಮನಾಗಿ ತೇಲಬೇಕು, ಬಕೆಟ್ಟಿನಲ್ಲಿ ಮೊಗೆದರೆ ಹತ್ತು ನಿಮಿಷದಲ್ಲಿ ನೀರು ಖಾಲಿಯಾಗಬೇಕು. ಒಂದು ತುದಿ ಮುಳುಗಿದಂತೆ ಕಂಡರೆ ಗಾಳಿಪೆಟ್ಟಿಗೆಯ ಮುಚ್ಚಳದ ವಾಷರ್ ನೋಡಿ, ಸಾಮಾನ್ಯವಾಗಿ ಅದೇ ಕಾರಣ.

ಪ್ರತಿ ದೋಣಿಗೆ: 4–5 ಕಿಲೋ ತೂಕದ, ಮರಳಿನಲ್ಲಿ ಕಚ್ಚುವ ಅಗಲ ಅಲಗಿನ ಲಂಗರು, 3 ಮೀಟರ್ ಸರಪಳಿ, 8 ಅಥವಾ 10 ಮಿಲಿಮೀಟರ್ ದಪ್ಪದ 30 ಮೀಟರ್ ಹಗ್ಗ, ಎರಡು ಹುಟ್ಟು, ಹಗ್ಗ ಕಟ್ಟಿದ ಬಕೆಟ್, ಒಬ್ಬೊಬ್ಬರಿಗೂ ಸೀಟಿ ಸಿಕ್ಕಿಸಿದ ಲೈಫ್ ಜಾಕೆಟ್, ಅಪಾಯದ ಸಂಕೇತಕ್ಕೆ ಮೂರು ಕೆಂಪು ಕೈಪಂಜು, ದಿಕ್ಸೂಚಿ, ಚಾಕು, ಹಾಯಿ ಅಂಟಿಸುವ ಟೇಪು, ಎರಡು ಬಿಡಿ ಶ್ಯಾಕಲ್ (ಹಗ್ಗ, ಸರಪಳಿ ಜೋಡಿಸುವ ಕೊಂಡಿ), 10 ಮೀಟರ್ ತೆಳು ಹಗ್ಗ. ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್. ಅದನ್ನು ಒಂದೇ ಕ್ಯಾನಿನಲ್ಲಿ ತುಂಬದೆ ಎರಡು ಲೀಟರಿನ ಬಾಟಲಿಗಳಲ್ಲಿ ತುಂಬಿಸಿ ನಡುವಿನಲ್ಲಿ ಕಟ್ಟಿ. ಊಟಕ್ಕೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಒಲೆ ಹಚ್ಚುವುದು ದಡ ಸೇರಿದ ಮೇಲೆ, ಕುಚಲಕ್ಕಿ ಗಂಜಿ ಉಪ್ಪಿನಕಾಯಿಯಷ್ಟು ಸುಲಭದ್ದು ಬೇರೆ ಇಲ್ಲ. ಸಡಿಲ ಬಿಟ್ಟ ಚೀಲ ದೋಣಿ ವಾಲಿದಾಗ ವಾಲಿದ ಕಡೆಗೇ ಜಾರಿ ಇನ್ನಷ್ಟು ವಾಲಿಸುತ್ತದೆ, ಹಾಗಾಗಿ ಪ್ರತಿಯೊಂದನ್ನೂ ಕಟ್ಟಲೇಬೇಕು.

ಹೊರಡುವ ಮೊದಲು ಕರಾವಳಿ ಪೊಲೀಸ್ ಠಾಣೆಗೆ ಒಂದು ಹಾಳೆ ಕೊಡಿ: ದೋಣಿಗಳ ಬಣ್ಣ, ಹಾಯಿಯ ಬಣ್ಣ, ಜನರ ಹೆಸರು, ಯಾವ ದಿನ ಯಾವ ಅಳಿವೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಹುಡುಕಬೇಕು. ಎಲ್ಲರೂ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ದೋಣಿಯ ನೋಂದಣಿ, ಬಂದರಿನ ಅನುಮತಿ, ವಿಎಚ್‌ಎಫ್ ರೇಡಿಯೋ ಇದ್ದರೆ ಅದರ ಲೈಸೆನ್ಸ್, ಇವನ್ನೂ ಆಗಲೇ ವಿಚಾರಿಸಿ ಮುಗಿಸಿ. ತುರ್ತಿಗೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093, ರೇಡಿಯೋದಲ್ಲಿ 16ನೇ ಚಾನೆಲ್.

ಗುಂಪಿನ ಕಟ್ಟುಪಾಡು

ಒಂದು ದೋಣಿ ಮುಂದೆ, ಒಂದು ಹಿಂದೆ. ಇವೆರಡರಲ್ಲೂ ಅನುಭವಿಗಳಿರಲಿ. ಹಿಂದಿನ ದೋಣಿ ಯಾರನ್ನೂ ಹಿಂದಕ್ಕೆ ಬಿಡಬಾರದು, ಮುಂದಿನದು ನಿಧಾನವಾದ ದೋಣಿಯ ವೇಗಕ್ಕೆ ಇಳಿಯಬೇಕು. ಉಳಿದವು ಜೋಡಿಜೋಡಿಯಾಗಿ, ಜೋಡಿಯ ನಡುವೆ 200 ಮೀಟರಿಗಿಂತ ಹೆಚ್ಚು ದೂರ ಬೇಡ. ಯಾವ ದೋಣಿಯಲ್ಲಾದರೂ ಒಬ್ಬರು ಹಾಯಿ ಕುಗ್ಗಿಸೋಣ ಎಂದರೆ ಎಲ್ಲರೂ ಕುಗ್ಗಿಸಬೇಕು, ಒಬ್ಬರು ವಾಪಸು ಎಂದರೆ ಎಲ್ಲರೂ ವಾಪಸು. ಈ ನಿಯಮ ಇಲ್ಲದಿದ್ದರೆ ಹೆದರಿದವರು ನಾಚಿಕೆಗೆ ಬಾಯಿ ಮುಚ್ಚಿ ಕೂರುತ್ತಾರೆ. ಅಳಿವೆ ದಾಟುವ ತೀರ್ಮಾನ ಮಾತ್ರ ಒಬ್ಬರದೇ ಇರಬೇಕು, ಅಲ್ಲಿ ಚರ್ಚೆಗೆ ಹೊತ್ತಿಲ್ಲ.

ಹಾಯಿ ಕುಗ್ಗಿಸುವುದು

ಕಡಲ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡಾಗಲೇ ದೊಡ್ಡ ಹಾಯಿಯನ್ನು ಒಂದು ಮಡಿಕೆ ಕುಗ್ಗಿಸಿ. ಎಲ್ಲೆಡೆ ನೊರೆ ಎದ್ದ ಮೇಲೆ ಮಾಡಹೊರಟರೆ ಕೈ ನಡುಗುತ್ತದೆ. ಕ್ರಮ ಹೀಗೆ: ಮುಂದಿನ ಸಣ್ಣ ಹಾಯಿಯನ್ನು ಗಾಳಿಯ ಕಡೆಗೆ ಎಳೆದು ಕಟ್ಟಿ, ದೊಡ್ಡ ಹಾಯಿಯ ಹಗ್ಗ ಪೂರ್ತಿ ಸಡಿಲ ಬಿಟ್ಟು, ಚುಕ್ಕಾಣಿಯ ಹಿಡಿಯನ್ನು ಗಾಳಿ ಬರುವ ಕಡೆಗಲ್ಲ, ಗಾಳಿ ಹೋಗುವ ಬದಿಗೆ ತಳ್ಳಿ. ದೋಣಿ ಬಹುಪಾಲು ನಿಂತಲ್ಲೇ ನಿಲ್ಲುತ್ತದೆ. ಹಾಯಿ ಏರಿಸುವ ಹಗ್ಗವನ್ನು ಇಳಿಸಿ, ಹಾಯಿಯಲ್ಲಿ ಕೂವೆಮರದ ಬದಿಗಿರುವ ಮಡಿಕೆ ಕಣ್ಣನ್ನು (ತೂತನ್ನು) ಕೊಕ್ಕೆಗೆ ಸಿಕ್ಕಿಸಿ, ಹಾಯಿಯನ್ನು ಮತ್ತೆ ಬಿಗಿಯಾಗಿ ಏರಿಸಿ. ಆಮೇಲೆ ಹಿಂದಿನ ತುದಿಯ ಮಡಿಕೆ ಹಗ್ಗವನ್ನು ಹಾಯಿಯ ಕೆಳಅಂಚಿನ ಅಡ್ಡಮರದ ಕೊನೆಗೆ ಎಳೆದು ಬಿಗಿಯಿರಿ. ನಡುವಿನ ಚಿಕ್ಕ ಲಾಡಿಗಳನ್ನು ಎಲ್ಲಕ್ಕಿಂತ ಕೊನೆಗೆ, ಸಡಿಲವಾಗಿ ಕಟ್ಟಿ. ಜೋತ ಬಟ್ಟೆಯನ್ನು ಹಿಡಿದಿಡುವುದಷ್ಟೇ ಅವುಗಳ ಕೆಲಸ. ಹಿಂದಿನ ಹಗ್ಗ ಬಿಗಿಯುವ ಮೊದಲು ಲಾಡಿ ಕಟ್ಟಿದರೆ ಹಾಯಿಯ ಎಳೆತವೆಲ್ಲ ಆ ಸಣ್ಣ ತೂತಿನ ಮೇಲೆ ಬಿದ್ದು ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ಬಿಚ್ಚುವಾಗ ಉಲ್ಟಾ: ಲಾಡಿ ಮೊದಲು.

ಅಳಿವೆ ದಾಟುವುದು

ಮಂಜೇಶ್ವರ, ಚಂದ್ರಗಿರಿ, ಅಳಿತ್ತಲದಲ್ಲಿ ಕಲ್ಲಿನ ತಡೆಗೋಡೆಗಳಿವೆ, ಆದರೂ ಗೋಡೆಗಳ ಬಾಯಲ್ಲಿ ಮರಳು ಕಟ್ಟುತ್ತದೆ. ಶಿರಿಯದಂಥ ಹೊಳೆಯ ಬಾಯಲ್ಲಿ ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗ ಬದಲಿಸಿರುತ್ತದೆ. ಹೋದ ವರ್ಷದ ದಾರಿ, ಫೋನಿನ ನಕ್ಷೆ, ಎರಡನ್ನೂ ನಂಬಬೇಡಿ. ಹಿಂದಿನ ದಿನ ಒಬ್ಬರು ರಸ್ತೆಯಲ್ಲಿ ಹೋಗಿ ಇಳಿತದ ವೇಳೆ ದಡದಿಂದ ನೋಡಿ ಬರಬೇಕು. ಅಲ್ಲಿನ ಮೀನುಗಾರರನ್ನು ಕೇಳಿ. ಚಂದ್ರಗಿರಿಯ ಬಡಗಿಗೆ ತುಳು ನಡೆಯುತ್ತದೆ, ತೆಂಕಿಗೆ ಮಲಯಾಳ ಬೇಕು: ‘ಅಳಿಮುಖತ್ತ್ ತಿರಯುಂಡೋ?’ ಅಳಿವೆಯಲ್ಲಿ ಅಲೆ ಇದೆಯೇ ಎಂಬ ಈ ಒಂದು ಪ್ರಶ್ನೆ ಬಾಯಿಪಾಠ ಇರಲಿ.

ಹೊತ್ತಿನ ಲೆಕ್ಕ: ಮಂಗಳೂರಿನ ಭರತ-ಇಳಿತದ ಕೋಷ್ಟಕ ನೋಡಿ, ಭರತ ತುಂಬುವ ಮೊದಲಿನ ಎರಡು ಗಂಟೆಯಲ್ಲಿ ಒಳಗೆ ಬನ್ನಿ. ದಿನಕ್ಕೆ ಎರಡು ಭರತ, ಮರುದಿನಕ್ಕೆ ಸುಮಾರು 50 ನಿಮಿಷ ತಡ. ಇಳಿತದಲ್ಲಿ ಹೊಳೆನೀರು ಹೊರಕ್ಕೆ ನುಗ್ಗಿ ಒಳಬರುವ ಅಲೆಗೆ ಎದುರಾಗುತ್ತದೆ. ಅಲೆ ಗಿಡ್ಡವಾಗಿ, ಕಡಿದಾಗಿ, ನಿಂತಲ್ಲೇ ಮುರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಈ ಸೆಳೆತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಯಾನದ ನಡುವಿನ ದಿನ ಅಷ್ಟಮಿಗೆ ಬರುವಂತೆ ತಾರೀಕು ಗೊತ್ತುಮಾಡಿದರೆ ಅರ್ಧ ಕಷ್ಟ ಕಳೆಯಿತು. ಅಲೆಯ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಅದು ಮುರಿಯುತ್ತದೆ. ಮುಕ್ಕಾಲು ಮೀಟರ್ ಅಲೆಗೆ ಒಂದು ಮೀಟರ್ ನೀರಿನ ದಿಬ್ಬವೇ ಸಾಕು.

ಬಾಯಿಯ ಹೊರಗೆ, ಅಲೆ ಮುರಿಯದ ಕಡೆ, ಎಲ್ಲರೂ ಹಾಯಿ ಸಡಿಲ ಬಿಟ್ಟು ಹದಿನೈದು ನಿಮಿಷ ಕಾಯಿರಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಅವು ಕಳೆದ ಮೇಲೆ ಸ್ವಲ್ಪ ಹೊತ್ತು ಬಿಡುವು ಇರುತ್ತದೆ. ಹೊರಗಿನಿಂದ ನೋಡುವಾಗ ಮುರಿದ ಅಲೆಯ ಬೆನ್ನು ಮಾತ್ರ ಕಾಣುವುದರಿಂದ ಅದು ಇರುವುದಕ್ಕಿಂತ ಸಣ್ಣದಾಗಿ ತೋರುತ್ತದೆ ಎಂಬುದು ನೆನಪಿರಲಿ. ದೊಡ್ಡ ಗುಂಪು ಹೋದ ಕೂಡಲೇ ಮುಂದಿನ ದೋಣಿ ಒಂದೇ ಹೋಗಬೇಕು. ಸೆಂಟರ್‌ಬೋರ್ಡ್ ಅರ್ಧ ಮೇಲೆ, ಜನ ಹಿಂದಕ್ಕೆ ಸರಿದು ಕೂತು, ಹುಟ್ಟು ಕೈಯಲ್ಲಿ. ಅಲೆಯ ಬೆನ್ನ ಮೇಲೆ ಉಳಿದು ಅದರ ಹಿಂದೆಯೇ ಹೋಗಬೇಕು. ಮುಂದಕ್ಕೆ ಜಾರತೊಡಗಿದರೆ ಹಾಯಿಯ ಹಗ್ಗ ಬಿಡಿ. ಅಲೆಯ ಇಳಿಜಾರಿನಲ್ಲಿ ಓಡುವ ದೋಣಿಯ ಮೂತಿ ನೀರಿಗೆ ಚುಚ್ಚಿ, ಹಿಂಭಾಗ ತಿರುಗಿ, ಅಡ್ಡಬಿದ್ದು ಮಗುಚುತ್ತದೆ. ಒಳಗೆ ಮುಟ್ಟಿದವರು ಎರಡೂ ಕೈ ಮೇಲೆತ್ತಿ ತೋರಿಸಿದ ಮೇಲೆ ಎರಡನೆಯ ದೋಣಿ.

ಅಳಿವೆಯ ಬಾಯಿಯ ಉದ್ದಕ್ಕೂ ನೊರೆಯ ಬಿಳಿ ಗೆರೆ ಕಂಡರೆ ಅಂದು ಆ ಅಳಿವೆ ಮುಚ್ಚಿದೆ ಎಂದೇ ಲೆಕ್ಕ. ತಡೆಗೋಡೆಯಿರುವ ಮುಂದಿನ ಬಂದರಿಗೆ ಹೋಗಿ, ಇಲ್ಲವೇ ಅಲೆ ಮುರಿಯುವ ಗೆರೆಯಿಂದ ಸಾಕಷ್ಟು ಹೊರಗೆ, 5–6 ಮೀಟರ್ ಆಳದಲ್ಲಿ ಲಂಗರು ಹಾಕಿ ಮುಂದಿನ ಭರತಕ್ಕೆ ಕಾಯಿರಿ. ಆಳದ ಐದು ಪಟ್ಟು ಹಗ್ಗ ಬಿಡಬೇಕು. ಮೂರು ಪಟ್ಟು ಬಿಟ್ಟರೆ ಲಂಗರು ಮೇಲಕ್ಕೆ ಎಳೆಯಲ್ಪಟ್ಟು ಮರಳಿನಿಂದ ಕಿತ್ತು ಬರುತ್ತದೆ.

ಮಗುಚಿದರೆ

ಮೊದಲು ತಲೆ ಎಣಿಸಿ. ದೋಣಿಯನ್ನು ಬಿಟ್ಟು ಈಜಬೇಡಿ. ಹಾಯಿಯ ಹಗ್ಗಗಳನ್ನೆಲ್ಲ ಸಡಿಲಿಸಿ, ಒಬ್ಬರು ಮೂತಿಯನ್ನು ಗಾಳಿಗೆ ಎದುರು ಹಿಡಿದಿರಲಿ, ಇನ್ನೊಬ್ಬರು ಸೆಂಟರ್‌ಬೋರ್ಡ್ ಮೇಲೆ ಹತ್ತಿ ಅಂಚು ಹಿಡಿದು ಹಿಂದಕ್ಕೆ ವಾಲಲಿ. ಹಗ್ಗ ಸಡಿಲಿಸದೆ ಎತ್ತಿದರೆ ಹಾಯಿ ಗಾಳಿ ತುಂಬಿಕೊಂಡು ಮತ್ತೊಂದು ಬದಿಗೆ ಮಗುಚುತ್ತದೆ. ಸಹಾಯಕ್ಕೆ ಬರುವ ದೋಣಿ ಒಂದೇ ಸಾಕು, ಉಳಿದವು ದೂರ ನಿಲ್ಲಲಿ.

ಬಲೆ ಮತ್ತು ಬೇಕಲ

ಬೀಡುಬಲೆಯ ತೇಲುಗಳು ಸಾಲಾಗಿ ಕಂಡರೆ ತುದಿಯ ಬಾವುಟ ಹುಡುಕಿ ಸುತ್ತಿ ಹೋಗಿ. ಸಿಕ್ಕಿಕೊಂಡರೆ ಹಾಯಿ ಇಳಿಸಿ, ಬೋರ್ಡು, ಚುಕ್ಕಾಣಿ ಎರಡನ್ನೂ ಮೇಲೆತ್ತಿ, ಹುಟ್ಟಿನಿಂದ ಹಗ್ಗವನ್ನು ಕೆಳಗೆ ಒತ್ತಿ. ಚಾಕು ತೆಗೆಯಬೇಡಿ, ಅದು ಒಬ್ಬರ ಸಂಪಾದನೆ. ಹಾಯಿದೋಣಿಗೆ ದಾರಿಯ ಹಕ್ಕಿದೆ ಎಂಬ ವಾದವೂ ಇಲ್ಲಿ ನಡೆಯದು: ಮೀನು ಹಿಡಿಯುತ್ತಿರುವ ದೋಣಿಗೆ ಹಾಯಿದೋಣಿಯೇ ದಾರಿ ಬಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಬೇಕಲ ಕೋಟೆಯ ಬುರುಜನ್ನು ಹತ್ತಿರದಿಂದ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅರ್ಧ ಮೈಲಿ ಹೊರಗೇ ಇರಿ. ಬಂಡೆಗೆ ಬಡಿದು ಹಿಂತಿರುಗುವ ಅಲೆ ಬರುವ ಅಲೆಗೆ ಡಿಕ್ಕಿ ಹೊಡೆದು ನೀರು ಕುದಿಯುವಂತೆ ಏಳುತ್ತದೆ, ಗಾಳಿಯೂ ಕಡಲಿನಿಂದ ಗೋಡೆಯ ಕಡೆಗೇ ತಳ್ಳುತ್ತದೆ. ಪಕ್ಕದ ಮರಳು ದಂಡೆ ತೆರೆದ ಕಡಲಿಗೆ ಮುಖ ಮಾಡಿದ್ದು. ಅಲೆ ಅರ್ಧ ಮೀಟರಿಗಿಂತ ಕಡಿಮೆ ಇದ್ದ ದಿನ ಮಾತ್ರ ಅಲ್ಲಿ ಇಳಿಯಿರಿ, ಇಲ್ಲವಾದರೆ ಚಂದ್ರಗಿರಿಯಲ್ಲೇ ಒಂದು ದಿನ ಉಳಿದು, ಮರುದಿನ ನಸುಕಿಗೇ ಹೊರಟು ನೇರ ಅಳಿತ್ತಲಕ್ಕೆ ಹೋಗಿ. 17 ಮೈಲಿ, ಆರು ಗಂಟೆಯ ಕೆಲಸ.

ಕೊನೆಯ ದಡ

ಅಳಿತ್ತಲ, ತೈಕಡಪ್ಪುರ ಕಡೆಯ ಮರಳಿನಲ್ಲಿ ಚಳಿಗಾಲದ ರಾತ್ರಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲ್ಲಿ ಟಾರ್ಚು, ಬೆಂಕಿ ಬೇಡ. ಅಳಿವೆಯ ಒಳಗೆ, ಹೊಳೆಯ ಬದಿಯಲ್ಲಿ ತಂಗಿ. ಲಾರಿಗೆ ಏರಿಸುವ ಮೊದಲು ಕೂವೆಮರವನ್ನು ಬಿಗಿದ ಹಗ್ಗದ ಶ್ಯಾಕಲ್, ಚುಕ್ಕಾಣಿಯ ಪಿನ್, ರಾಟೆಗಳಿಗೆ ಸಿಹಿನೀರು ಸುರಿಯಿರಿ. ಉಪ್ಪು ಒಣಗಿದ ಮೇಲೆ ಅವು ಬಿಚ್ಚಲು ಬರುವುದಿಲ್ಲ. ಹಾಳೆ ಕೊಟ್ಟ ಠಾಣೆಗೆ ‘ಎಲ್ಲರೂ ಮುಟ್ಟಿದ್ದೇವೆ’ ಎಂದು ಫೋನ್ ಮಾಡಿದ ನಂತರವೇ ಕೂವೆಮರ ಇಳಿಸಿ. ಮರೆತು ಮನೆಗೆ ಹೋದರೆ ರಾತ್ರಿ ಯಾರೋ ಬೋಟು ಹತ್ತಿ ನಿಮ್ಮನ್ನು ಹುಡುಕಲು ಹೊರಡುತ್ತಾರೆ.